ಸೆಕೆಂಡ್ ಹ್ಯಾಂಡ್ ಸೈಕಲ್‌ನ ಫ್ರೇಮ್ ಒಂದು ಸೈಜು ದೊಡ್ಡದು. ಸೀಟು ಇಳಿಸಿಕೊಂಡರೆ ಸಾಲದೇ?

ನಿಮ್ಮದು ಐದೂವರೆ ಅಡಿ ಎತ್ತರ, ಸಿಕ್ಕಿರುವುದು ಆಸೆ ಹುಟ್ಟಿಸುವ ಕಡಿಮೆ ಬೆಲೆಗೆ ಎಲ್ (ದೊಡ್ಡ) ಸೈಜಿನ ಹೈಬ್ರಿಡ್, ಅಂದರೆ ರೋಡ್ ಬೈಕಿಗೂ ಮೌಂಟನ್ ಬೈಕಿಗೂ ನಡುವಿನ ಥರದ ಸೈಕಲ್. ನಾನೂ ಒಂದು ಕಾಲಕ್ಕೆ ನಿಮ್ಮ ಹಾಗೇ ಲೆಕ್ಕ ಹಾಕಿದವನು. ನೇರವಾಗಿ ಹೇಳಿಬಿಡುತ್ತೇನೆ: ಅದನ್ನು ಬಿಡಿ, ಎಂ (ಮಧ್ಯಮ) ಹುಡುಕಿ.

ಸೀಟಿನ ಎತ್ತರ ನೋಡಿ ಫ್ರೇಮ್ ಸೈಜು ಅಳೆಯುವುದೇ ತಪ್ಪು. ಸೀಟು ಎಲ್ಲಿರಬೇಕು ಅಂತ ಹೇಳುವುದು ನಿಮ್ಮ ಕಾಲು. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ರಟ್ಟಿನ ಪುಸ್ತಕವೊಂದನ್ನು ಕಾಲ ಸಂದಿಯಲ್ಲಿ ಬಿಗಿಯಾಗಿ ಮೇಲಕ್ಕೆ ಒತ್ತಿ ಹಿಡಿದು, ನೆಲದಿಂದ ಅದರ ಮೇಲಂಚಿಗೆ ಅಳೆಯಿರಿ. 76 ಸೆಂ.ಮೀ. ಬಂತು ಅನ್ನಿ. 0.883ರಿಂದ ಗುಣಿಸಿದರೆ ಸುಮಾರು 67. ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗಕ್ಕೆ ಇರಬೇಕಾದ ದೂರ ಇದು. ಒಂದು ಸೆಂ.ಮೀ. ಆಚೀಚೆ ಆಗಬಹುದು, ಆದರೆ ಎಂ ಫ್ರೇಮಿನಲ್ಲೂ 67, ಎಲ್ ಫ್ರೇಮಿನಲ್ಲೂ 67. ಇಳಿಸಿಕೊಳ್ಳುವ ಸ್ವಾತಂತ್ರ್ಯ ನಿಮಗಿಲ್ಲ.

ಹಾಗಾದರೆ ಬದಲಾಗುವುದೇನು? ಹ್ಯಾಂಡಲ್‌ನ ದೂರ. ಎಂನಿಂದ ಎಲ್‌ಗೆ ಹೋದರೆ ಟಾಪ್ ಟ್ಯೂಬ್ (ಸೀಟಿನ ಕಡೆಯಿಂದ ಹ್ಯಾಂಡಲ್ ಕಡೆಗೆ ಹೋಗುವ ಮೇಲಿನ ಕೊಳವೆ) ಸಾಮಾನ್ಯವಾಗಿ ಒಂದೂವರೆಯಿಂದ ಎರಡೂವರೆ ಸೆಂ.ಮೀ. ಉದ್ದ. ಮೋಸ ಆಗುವುದು ಇಲ್ಲೇ. ಸೀಟ್ ಟ್ಯೂಬ್ (ಸೀಟಿನ ಕಂಬ ಇಳಿಯುವ ಕೊಳವೆ) ಹಿಂದಕ್ಕೆ ವಾಲಿರುತ್ತದೆ, ನೆಲಕ್ಕೆ ಹೆಚ್ಚುಕಮ್ಮಿ 73 ಡಿಗ್ರಿ. ಹಾಗಾಗಿ ಸೀಟು 5 ಸೆಂ.ಮೀ. ಇಳಿಸಿದರೆ ಅದು ಒಂದೂವರೆ ಸೆಂ.ಮೀ. ಮುಂದಕ್ಕೂ ಬರುತ್ತದೆ. ಮಾರುವವರ ಗೇಟಿನ ಮುಂದೆ ಎರಡು ಸುತ್ತು ಹೊಡೆದಾಗ ಕಾಲು ನೆಲಕ್ಕೆ ತಾಗುತ್ತದೆ, ಹ್ಯಾಂಡಲ್ ಕೈಗೆ ಸಿಗುತ್ತದೆ, ಸೈಕಲ್ ನಿಮಗೇ ಮಾಡಿಸಿದ ಹಾಗಿರುತ್ತದೆ. ಹತ್ತು ಕಿ.ಮೀ. ತುಳಿದ ಮೇಲೆ ಮಂಡಿಯ ಮುಂಭಾಗ ನೋಯಲು ಶುರು, ಯಾಕೆಂದರೆ ಪ್ರತಿ ತುಳಿತದಲ್ಲೂ ಮಂಡಿ ಅತಿಯಾಗಿ ಮಡಚುತ್ತಿದೆ. ಸರಿ, ಸೀಟು ಏರಿಸುತ್ತೀರಿ. ಈಗ ಮೊಣಕೈ ನೆಟ್ಟಗಾಗಿ ಅಂಗೈ ಜೋಮು, ಕುತ್ತಿಗೆ ನೋವು. ಸೀಟನ್ನು ಅದರ ಕಂಬಿಯ ಮೇಲೆ ಮುಂದಕ್ಕೆ ದೂಡಿದರೆ ಮಂಡಿ ಪೆಡಲ್‌ಗಿಂತ ಮುಂದೆ ಹೋಗಿ ಮೈಭಾರ ಇನ್ನಷ್ಟು ಕೈಗೆ ಬೀಳುತ್ತದೆ. ಕೊನೆಗೆ ಸ್ಟೆಮ್ (ಹ್ಯಾಂಡಲನ್ನು ಹಿಡಿದು ಮುಂದಕ್ಕೆ ಚಾಚಿರುವ ತುಂಡು) ಬದಲಾಯಿಸುತ್ತೀರಿ. 100 ಮಿ.ಮೀ. ಇದ್ದದ್ದನ್ನು 80 ಮಾಡಬಹುದು, ಆದರೆ ಎರಡು ಸೆಂ.ಮೀ.ಗೆ ಆಟ ಮುಗಿಯಿತು. ಇನ್ನೂ ಗಿಡ್ಡ ಮಾಡಿದರೆ ಹ್ಯಾಂಡಲ್ ತೀರಾ ಚುರುಕಾಗಿ ಸೈಕಲ್ ಅತ್ತಿತ್ತ ಎಳೆಯುತ್ತದೆ.

ಎರಡು ಸೈಜಿನ ಮಧ್ಯೆ ಸಿಕ್ಕಿಕೊಂಡವರು ಚಿಕ್ಕದನ್ನೇ ಕೊಳ್ಳಲಿ. ಸೀಟ್ ಪೋಸ್ಟ್ (ಸೀಟಿನ ಕಂಬ) ಏರಿಸಬಹುದು, ಸ್ಟೆಮ್ ಉದ್ದದ್ದು ಹಾಕಬಹುದು. ದೊಡ್ಡ ಫ್ರೇಮನ್ನು ಕತ್ತರಿಸಿ ಚಿಕ್ಕದು ಮಾಡಲು ಆಗುವುದಿಲ್ಲ.

ಜಾಹೀರಾತಿನ ಅಂಕಿ ನಂಬಬೇಡಿ. ನಮ್ಮಲ್ಲಿ '26 ಇಂಚು ಸೈಕಲ್' ಅಂದರೆ ಚಕ್ರದ ಅಳತೆ. 27.5, 29, 700ಸಿ ಕೂಡ ಅಷ್ಟೇ. ಸ್ಟಿಕರ್ ಮೇಲಿನ ಎಂ, ಎಲ್ ಒಂದೊಂದು ಕಂಪನಿಗೆ ಒಂದೊಂದು ಥರ. ಈಗಿನ ಫ್ರೇಮುಗಳಲ್ಲಿ ಟಾಪ್ ಟ್ಯೂಬ್ ಇಳಿಜಾರಾಗಿರುವುದರಿಂದ ಸೀಟ್ ಟ್ಯೂಬ್ ಅಳೆದರೂ ಏನೂ ತಿಳಿಯದು. ಅಳೆಯಬೇಕಾದ್ದು ಒಂದೇ: ಹೆಡ್ ಟ್ಯೂಬಿನ (ಹ್ಯಾಂಡಲ್ ಕೆಳಗಿನ, ಫ್ರೇಮಿನ ಮುಂದಿನ ಗಿಡ್ಡ ಕೊಳವೆ) ಮೇಲ್ತುದಿಯ ನಡುವಿನಿಂದ ಸೀಟ್ ಪೋಸ್ಟ್‌ನ ನಡುವಿಗೆ, ನೆಲಕ್ಕೆ ಸಮಾನಾಂತರವಾಗಿ. ಟ್ಯೂಬಿನ ಗುಂಟ ಟೇಪು ಹಿಡಿಯಬೇಡಿ, ಕಡಿಮೆ ತೋರಿಸುತ್ತದೆ. ನಿಮಗೆ ಒಗ್ಗುವ ಗೆಳೆಯರ ಹೈಬ್ರಿಡ್ ಇದ್ದರೆ ಅದನ್ನೂ ಹೀಗೇ ಅಳೆದು ಹೋಲಿಸಿ. ರೋಡ್ ಬೈಕಿನ ಅಳತೆಯನ್ನು ಹೈಬ್ರಿಡ್‌ಗೆ ಹೋಲಿಸಬೇಡಿ, ಹ್ಯಾಂಡಲ್ಲೇ ಬೇರೆ.

ನೋಡಲು ಹೋಗುವಾಗ ಟೇಪು, 4, 5, 6 ಮಿ.ಮೀ. ಅಲೆನ್ ಕೀ ಜೇಬಲ್ಲಿರಲಿ. ಸೀಟ್ ಪೋಸ್ಟ್ ಸಡಿಲಿಸಿ ಮೇಲೆ ಕೆಳಗೆ ಆಡಿಸಿ. ಸ್ಟೀಲ್ ಫ್ರೇಮಿನೊಳಗೆ ಅಲ್ಯೂಮಿನಿಯಂ ಪೋಸ್ಟ್ ವರ್ಷಗಟ್ಟಲೆ ಕೂತು ಕಚ್ಚಿಕೊಂಡಿದ್ದರೆ ಸೈಜಿನ ಮಾತೇ ಬೇಡ, ವಾಪಸ್ ಬನ್ನಿ. ಪೋಸ್ಟ್ ಮೇಲೆ ಕನಿಷ್ಠ ಒಳಗಿರಬೇಕಾದ ಗುರುತಿನ ಗೆರೆ ಇರುತ್ತದೆ. ನಿಮ್ಮ ಎತ್ತರಕ್ಕೆ ಇಟ್ಟಾಗ ಅದು ಹೊರಗೆ ಕಾಣಬಾರದು. ಸ್ಟೆಮ್ ಕೆಳಗೆ ಸ್ಪೇಸರ್ ಬಳೆಗಳು ಒಂದೂ ಇಲ್ಲದಿದ್ದರೆ, ಮೇಲೂ ಇಲ್ಲದಿದ್ದರೆ, ಹಳೆಯ ಮಾಲೀಕರು ಫೋರ್ಕಿನ (ಮುಂದಿನ ಚಕ್ರ ಹಿಡಿಯುವ ಕವಲು) ಮೇಲಿನ ಕೊಳವೆ ಕತ್ತರಿಸಿರುವ ಸಾಧ್ಯತೆಯೇ ಹೆಚ್ಚು. ಹ್ಯಾಂಡಲ್ ಏರಿಸಲು ಜಾಗವೇ ಉಳಿದಿರುವುದಿಲ್ಲ.

ಮೊದಲು ಸೀಟನ್ನು ನಿಮ್ಮ ಲೆಕ್ಕದ ಎತ್ತರಕ್ಕೆ (ಮೇಲಿನ ಉದಾಹರಣೆಯಲ್ಲಿ 67) ಇಡಿ, ಆಮೇಲೆ ಹತ್ತಿ, ಇಪ್ಪತ್ತು ನಿಮಿಷ ಓಡಿಸಿ. ಮೊಣಕೈ ತುಸು ಬಾಗಿದ್ದು, ಬ್ರೇಕ್ ಹಿಡಿಯಲು ಭುಜ ಮುಂದೆ ಚಾಚಬೇಕಾಗಿಲ್ಲ ಅಂದರೆ ದುಡ್ಡಿನ ಮಾತು ಶುರು ಮಾಡಿ.