ಓದುಗರ ಪ್ರಶ್ನೆ: ತುಕ್ಕು ಹಿಡಿದ ಎಲೆಯೂ ಮೂರು ತಿಂಗಳ ಫೆಲೋಶಿಪ್ಪೂ

ಪ್ರಶ್ನೆ: ಮೇಡಂ, ನಾನು 26 ವರ್ಷದಿಂದ ಕಾಫಿಯ ಎಲೆ ತುಕ್ಕು ರೋಗದ ಮೇಲೆ ಕೆಲಸ ಮಾಡುತ್ತಿರುವ ವಿಜ್ಞಾನಿ. ವಯಸ್ಸು 56. ನಿವೃತ್ತಿಗೆ ಮೊದಲು ಹೊರದೇಶದ ವಿಶ್ವವಿದ್ಯಾಲಯವೊಂದರಲ್ಲಿ ಸಂದರ್ಶಕ ಫೆಲೋ ಆಗಿ ಮೂರು ತಿಂಗಳು ಇದ್ದು ಬರುವ ಆಸೆ. ಈ ವಯಸ್ಸಿನಲ್ಲಿ ಯಾರಾದರೂ ಕರೆಯುತ್ತಾರಾ? ಇಲ್ಲಿಯ ರೋಗದ ಎಲೆ ಜೊತೆಗೆ ಒಯ್ಯಬಹುದೇ? ಐದು ಎಕರೆ ತೋಟ ಇದೆ, ನಾನಿಲ್ಲದಾಗ ಹೆಂಡತಿಯೊಬ್ಬಳೇ ನೋಡಿಕೊಳ್ಳಬೇಕು.
ಒಬ್ಬ ಓದುಗರು, ಮೂಡಿಗೆರೆ

ಉತ್ತರ: ಕರೆಯುತ್ತಾರೆ. ಆದರೆ ಎಲ್ಲ ಫೆಲೋಶಿಪ್ಪೂ ನಿಮಗೆ ಒದಗುವುದಿಲ್ಲ. ಜರ್ಮನಿಯ ಹಂಬೋಲ್ಟ್ ಸಂಶೋಧನಾ ಫೆಲೋಶಿಪ್ ಪಿಎಚ್‌ಡಿ ಮುಗಿಸಿ 12 ವರ್ಷದೊಳಗೆ ಇರುವವರಿಗೆ. ನಿಮಗೆ ಆ ಬಸ್ಸು ಹೋಯಿತು. ಅದೇ ಸಂಸ್ಥೆ ಹಿರಿಯರಿಗೆ ಸಂಶೋಧನಾ ಪ್ರಶಸ್ತಿ ಕೊಡುತ್ತದೆ, ಅದಕ್ಕೆ ನಾವೇ ಅರ್ಜಿ ಹಾಕುವಂತಿಲ್ಲ, ಬೇರೆಯವರು ಹೆಸರು ಸೂಚಿಸಬೇಕು. ಜರ್ಮನಿಯದೇ ಇನ್ನೊಂದು ಸಂಸ್ಥೆ, ವಿದ್ವಾಂಸರ ವಿನಿಮಯ ನಡೆಸುವ ಡಿಎಎಡಿಯವರದ್ದು ಒಂದರಿಂದ ಮೂರು ತಿಂಗಳ ಯೋಜನೆ. ನಿಮಗೆ ಅಳತೆ ತೆಗೆದು ಹೊಲಿಸಿದ ಹಾಗಿದೆ.

ನಾನಾಗಿದ್ದರೆ ಮೊದಲು ಲಿಸ್ಬನ್ ಕಡೆ ನೋಡುತ್ತಿದ್ದೆ. ಅಲ್ಲಿಯ ಕಾಫಿ ತುಕ್ಕು ಸಂಶೋಧನಾ ಕೇಂದ್ರ 1955ರಲ್ಲಿ ಶುರುವಾದದ್ದು, ಈಗ ಲಿಸ್ಬನ್ ವಿಶ್ವವಿದ್ಯಾಲಯದ ಭಾಗ. ಬೇರೆ ಬೇರೆ ದೇಶಗಳಿಂದ ಬರುವ ತುಕ್ಕು ಯಾವ ರೇಸ್‌ನದು, ಅಂದರೆ ರೋಗಾಣುವಿನ ಯಾವ ಒಳಜಾತಿಯದು ಅಂತ ಪತ್ತೆ ಮಾಡುವವರು ಅವರೇ. ಇದುವರೆಗೆ 50ಕ್ಕೂ ಹೆಚ್ಚು ರೇಸ್ ಸಿಕ್ಕಿವೆ. ನಿಮ್ಮ ತೋಟದಲ್ಲಿ ಚಂದ್ರಗಿರಿ ಕಾಫಿ ತಳಿ ಇದ್ದರೆ ಅದರ ಅಜ್ಜಿಮನೆಯೂ ಅದೇ.

ಈಗ ನನ್ನನ್ನು ಕರೆಸಿಕೊಳ್ಳಿ ಅಂತ ಅಲ್ಲಿಯ ವಿಜ್ಞಾನಿಗೆ ಬರೆಯುವ ಪತ್ರದ ವಿಷಯ. ಇದರಲ್ಲಿ ನಾನು ಎಡವಿದ್ದೇನೆ, ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಮೊದಲ ಸಲ ಒಂದೇ ಪತ್ರವನ್ನು ಹನ್ನೊಂದು ಜನರಿಗೆ ಕಳಿಸಿದ್ದೆ. ಎರಡು ಪುಟ. ನನ್ನ ಡಿಗ್ರಿ, ಪದಕ, ಕೊನೆಗೆ ಹಣ ಸಿಗುತ್ತಾ ಅನ್ನುವ ಪ್ರಶ್ನೆ. ಒಬ್ಬರು ಮಾತ್ರ ಉತ್ತರ ಬರೆದರು: ನನ್ನ ಯಾವ ಲೇಖನ ಓದಿದ್ದೀರಿ? ನಾನು ಒಂದೂ ಓದಿರಲಿಲ್ಲ. ಎರಡನೇ ಸಲ ಒಬ್ಬರಿಗೇ ಬರೆದೆ, ಹತ್ತು ಸಾಲು. ನಿಮ್ಮ ಪ್ರಯೋಗ ಇಂಥಲ್ಲಿಗೆ ನಿಂತಿದೆ, ನಮ್ಮ ಹತ್ತಿರ ಮಳೆಗಾಲದ ಹನ್ನೆರಡು ವರ್ಷದ ಲೆಕ್ಕ ಇದೆ, ಮೂರು ತಿಂಗಳಲ್ಲಿ ಎರಡನ್ನೂ ಕೂಡಿಸಿ ನೋಡೋಣವೇ ಅಂತ. ನಾಲ್ಕೇ ದಿನದಲ್ಲಿ ಬನ್ನಿ ಅಂತ ಉತ್ತರ ಬಂತು. ಆ ಬನ್ನಿ ಅನ್ನುವ ಪತ್ರ ಕೈಗೆ ಬಂದ ಮೇಲೆ ಹಣಕ್ಕೆ ಅರ್ಜಿ ಹಾಕುವುದು ಸುಲಭ.

ಇನ್ನೊಂದು ತಪ್ಪೂ ಮಾಡಿದೆ. ಆಗಸ್ಟಿನಲ್ಲಿ ಹೋದೆ. ಯುರೋಪಿನಲ್ಲಿ ಆಗ ಸುಮಾರು ಜನ ರಜೆ ಮೇಲಿರುತ್ತಾರೆ, ಅದು ನನಗೆ ಹೊಳೆದೇ ಇರಲಿಲ್ಲ. ಮೂರು ವಾರ ಖಾಲಿ ಲ್ಯಾಬಿನಲ್ಲಿ ನಾನೂ ಒಂದು ಫ್ರಿಜ್ಜೂ. ಊರಿಂದ ಒಯ್ದ ಚಿಕೋರಿ ಬೆರೆಸಿದ ಪುಡಿ ಇಲ್ಲದಿದ್ದರೆ ವಾಪಸ್ ಬಂದೇ ಬಿಡುತ್ತಿದ್ದೆ.

ಎಲೆ ಒಯ್ಯುವ ವಿಷಯ. ಎಲೆಯ ಕೆಳಗೆ ಬೆರಳಾಡಿಸಿದರೆ ರೋಗ ಹರಡುವ ಕಿತ್ತಳೆ ಪುಡಿ ಅಂಟುತ್ತದಲ್ಲ, ಅದನ್ನು ಪೇಪರಿನಲ್ಲಿ ಮಡಚಿ ಬಟ್ಟೆ ನಡುವೆ ಇಟ್ಟುಕೊಂಡು ಹೋಗುವ ಆಲೋಚನೆ ಇದ್ದರೆ ಈಗಲೇ ಬಿಡಿ. 2002ರ ಜೈವಿಕ ವೈವಿಧ್ಯ ಕಾಯ್ದೆ ಇದೆ. ಚೆನ್ನೈನ ರಾಷ್ಟ್ರೀಯ ಜೈವಿಕ ವೈವಿಧ್ಯ ಪ್ರಾಧಿಕಾರದ ನಿಯಮದಂತೆ ಒಪ್ಪಿಗೆ ಪಡೆಯಬೇಕು. ಆ ದೇಶ ಒಳಗೆ ಬಿಡುವ ಪರವಾನಗಿಯನ್ನು ಅಲ್ಲಿಯ ಲ್ಯಾಬಿನವರೇ ತರಿಸಲಿ. ಅದಕ್ಕಿಂತ ಮುಖ್ಯವಾದದ್ದು ವಾಪಸ್ ಬರುವಾಗ. ಅಲ್ಲಿ ಹಾಕಿದ ಬೂಟು, ಕೋಟು ಅಲ್ಲಿಯೇ ಇರಲಿ, ಅಲ್ಲಿಯ ತುಕ್ಕಿನ ಪುಡಿ ಅಂಟಿರಬಹುದು. ಅದೇ ಬಟ್ಟೆಯಲ್ಲಿ ತೋಟಕ್ಕೆ ಇಳಿಯಬೇಡಿ. ಸಿಲೋನಿನಲ್ಲಿ 1869ರಲ್ಲಿ ಕಾಣಿಸಿಕೊಂಡ ಈ ತುಕ್ಕು ಅಲ್ಲಿಯ ಕಾಫಿಯನ್ನೇ ಮುಗಿಸಿ ಚಹಾಕ್ಕೆ ಜಾಗ ಮಾಡಿಕೊಟ್ಟಿತು, ನಿಮಗೆ ನಾನು ಹೇಳಬೇಕೇ!

ಆಫೀಸಿನ ಎನ್‌ಒಸಿಗೆ ಇವತ್ತೇ ಅರ್ಜಿ ಕೊಡಿ. ನನ್ನ ಫೈಲು ನಾಲ್ಕು ತಿಂಗಳು ಮೇಜಿನಿಂದ ಮೇಜಿಗೆ ಓಡಾಡಿತು. ಸಂಬಳ ಬರುತ್ತದೆಯೋ, ನಿಮ್ಮ ರಜೆಯೇ ಖರ್ಚಾಗುತ್ತದೆಯೋ ಅನ್ನುವುದನ್ನು ಬರಹದಲ್ಲಿ ಪಡೆದುಕೊಳ್ಳಿ.

ತಾರೀಕು? ಕಾಫಿ ಕುಯ್ಲಿನ ಸಮಯ ಬೇಡ. ಮಳೆ ನಿಂತ ಮೇಲೆ ತುಕ್ಕು ಜೋರಾಗುವಾಗ ನೀವು ಇಲ್ಲೇ ಬೇಕು. ಕಾಫಿ ಹೂ ಅರಳಿಸುವ ಬೇಸಿಗೆಯ ಹೂವಿನ ಮಳೆ ಮುಗಿದು ಏಪ್ರಿಲ್ ಕೊನೆಗೆ ಹೊರಟರೆ ಆಗಸ್ಟಿಗೆ ಮುಂಚೆ ಬರುತ್ತೀರಿ. ಮುಂಗಾರಿಗೆ ಮೊದಲು ರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಸುವುದು ನಿಮ್ಮ ಮನೆಯವರ ಪಾಲಿಗೆ ಬೀಳುತ್ತದೆ. ಅದನ್ನು ಹೇಳಿಕೊಡಲು ಹೋಗಬೇಡಿ, ಅವರಿಗೆ ಗೊತ್ತಿರುತ್ತದೆ. ಟಿಕೆಟ್ ಮಾಡಿಸುವ ಮೊದಲು ಆ ತಾರೀಕು ಆಗುತ್ತಾ ಅಂತ ಅವರನ್ನೇ ಕೇಳಿ.

ಪ್ರಶ್ನೆ: ನಾನು ಡಿಗ್ರಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುತ್ತೇನೆ. ವಿದೇಶ ಬೇಡ, ದೇಶದಲ್ಲೇ ಏನಾದರೂ ಇದೆಯಾ?
ಓದುಗರೊಬ್ಬರು, ಹಾಸನ

ಉತ್ತರ: ಇದೆ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್ ವಿದ್ಯಾರ್ಥಿಗಳಿಗೆ ಅಷ್ಟೇ ಅಲ್ಲ, ಅಧ್ಯಾಪಕರಿಗೂ ಇದೆ. ಸುಮಾರು ಎರಡು ತಿಂಗಳು, ಹೆಸರಾಂತ ವಿಜ್ಞಾನಿಯ ಜೊತೆ. ಬೆಂಗಳೂರು ಸಿಕ್ಕರೆ ಶನಿವಾರ ರೈಲು ಹತ್ತಿ ಮನೆಗೆ ಬರಬಹುದು.