ಹಾರ್ಡ್ ಡಿಸ್ಕಿನಲ್ಲಿ ಉಳಿದ ಏಳು ಮದುವೆ

ನಾನು ಕೌನ್ಸೆಲಿಂಗ್ ಮಾಡುವವಳು, ಇದು ನನ್ನ ಹತ್ತಿರ ಬಂದ ಒಬ್ಬ ಹುಡುಗನ ಕಥೆ. ಹೆಸರು ಮತ್ತು ಮನೆಯ ಕೆಲವು ವಿವರಗಳನ್ನು ಬದಲಾಯಿಸಿದ್ದೇನೆ. ಬರೆಯಲು ಅವನ ಒಪ್ಪಿಗೆ ಇದೆ, ಬರೆದದ್ದನ್ನು ಮೊದಲು ಅವನಿಗೇ ಓದಲು ಕೊಟ್ಟಿದ್ದೆ. ಇಲ್ಲಿ ಅವನನ್ನು ರೋಶನ್ ಅಂತ ಕರೆಯುತ್ತೇನೆ.

2025ರ ಈಸ್ಟರ್ ಕಳೆದು ಒಂದು ವಾರ ಆಗಿರಬಹುದು. ಚರ್ಚಿನ ಪಕ್ಕದಲ್ಲಿರುವ ನನ್ನ ಸಣ್ಣ ಕೋಣೆಗೆ ತಾಯಿ ಮಗ ಇಬ್ಬರೂ ಬಂದರು. ಮಂಗಳೂರಿನ ಏಪ್ರಿಲ್ ಸೆಕೆ ಗೊತ್ತಲ್ವಾ, ಇಬ್ಬರೂ ಬೆವರಿ ಒದ್ದೆಯಾಗಿದ್ದರು. ತಾಯಿ ಕೂತ ಕೂಡಲೇ ಹೇಳಿದ್ದು ಒಂದೇ ಮಾತು: "ಮೇಡಂ, ಇವನಿಗೆ ಈ ಸಿನಿಮಾ ಮತ್ತು ಮೊಬೈಲ್ ಬಿಡಿಸಿ ಕೊಡಿ. ರಾತ್ರಿ ಮೂರು ಗಂಟೆ ಆದರೂ ಲೈಟ್ ಉರೀತಾ ಇರ್ತದೆ. ತೇರ್ಸ್ (ಜಪಮಾಲೆ ಪ್ರಾರ್ಥನೆ) ಹೇಳುವಾಗಲೂ ಇವನ ಮನಸ್ಸು ಎಲ್ಲೋ ಇರ್ತದೆ." ಮಗ ತಲೆ ತಗ್ಗಿಸಿ ಕೂತಿದ್ದ.

ರೋಶನ್‌ಗೆ 26 ವರ್ಷ. ಮದುವೆ ವಿಡಿಯೊ ಎಡಿಟ್ ಮಾಡುವುದು ಅವನ ಕೆಲಸ. ಶೂಟಿಂಗ್ ಮಾಡಿದವರು ಹಾರ್ಡ್ ಡಿಸ್ಕ್ ತಂದು ಕೊಡುತ್ತಾರೆ, ಇವನು ಮನೆಯ ಮಾಳಿಗೆ ಕೋಣೆಯಲ್ಲಿ ಕೂತು ಕತ್ತರಿಸಿ, ಜೋಡಿಸಿ, ಬಣ್ಣ ಸರಿಮಾಡಿ, ಹಾಡು ಕೂರಿಸಿ ಕೊಡುತ್ತಾನೆ. ಕೈ ಒಳ್ಳೆಯದು ಅಂತ ಹೆಸರಿತ್ತು. ಆದರೆ ಡಿಸೆಂಬರ್ ಕೊನೆಯಿಂದ ಫೆಬ್ರವರಿವರೆಗಿನ ಏಳು ಮದುವೆ ಹಾಗೇ ಬಾಕಿ ಬಿದ್ದಿದ್ದವು. ಕೆಲವರಿಂದ ಮುಂಗಡವನ್ನೂ ತೆಗೆದುಕೊಂಡಾಗಿತ್ತು.

ತಾಯಿಯನ್ನು ಹೊರಗೆ ಕೂರಿಸಿ ಅವನೊಬ್ಬನ ಜೊತೆ ಮಾತಾಡಿದೆ. ಅವನಿಗೆ ವಿಶ್ವಾಸದ ಬಗ್ಗೆ ಒಂದು ಕಿರುಚಿತ್ರ ಮಾಡಬೇಕು. ಮೂರು ವರ್ಷದಿಂದ ಪುಸ್ತಕದಲ್ಲಿ ಬರೆದಿಡುತ್ತಾ ಇದ್ದಾನೆ. ರಾತ್ರಿ ಕೂತು ನೋಡುವುದು ಬರೀ ಕೆಟ್ಟದ್ದೇನೂ ಅಲ್ಲ. ಮೊದಲು ಒಂದು ಪ್ರವಚನ, ಆಮೇಲೆ ಯಾರದೋ ಸಾಕ್ಷಿ, ಆಮೇಲೆ ಸಂತರ ಕುರಿತ ಸಿನಿಮಾ, ಆಮೇಲೆ ಕ್ಯಾಮೆರಾ ಪಾಠ, ಅಲ್ಲಿಂದ ಯಾವುದೋ ರೀಲ್ಸ್, ಆಮೇಲೆ ಎಲ್ಲಿಂದ ಎಲ್ಲಿಗೋ. ಮೂರು ಗಂಟೆಗೆ ಮಲಗುವಾಗ ಎದೆ ಭಾರ. ಶನಿವಾರ ಕುಮ್ಸಾರ್‌ಗೆ, ಅಂದರೆ ಪಾದ್ರಿಯ ಹತ್ತಿರ ಪಾಪನಿವೇದನೆಗೆ, ಹೋಗಿ ಹೇಳುವುದು, ಸೋಮವಾರ ಮತ್ತೆ ಶುರು.

"ಎಡಿಟಿಂಗ್ ಹೊಟ್ಟೆಪಾಡು ಮೇಡಂ. ಆ ಫಿಲ್ಮ್ ದೇವರ ಕೆಲಸ" ಅಂದ. ಈ ಮಾತನ್ನು ನಾನು ಬರೆದಿಟ್ಟುಕೊಂಡೆ.

ಈಸ್ಟರ್‌ಗೆ ಮೊದಲಿನ ನಲವತ್ತು ದಿನದ ತಪಸ್ಸುಕಾಲದಲ್ಲಿ ಅವನು ಒಂದು ಗಟ್ಟಿ ನಿರ್ಧಾರ ಮಾಡಿದ್ದ. ಮೊಬೈಲಿನಿಂದ ಎಲ್ಲಾ ಆ್ಯಪ್ ತೆಗೆದುಹಾಕಿ, ಸಂಜೆ ಆರು ಗಂಟೆಗೆ ಫೋನೇ ಆಫ್. ನಲವತ್ತು ದಿನ ಒಂದೂ ಸಿನಿಮಾ ಇಲ್ಲ. ಮನೆಯವರಿಗೆಲ್ಲ ಖುಷಿ. ಈಸ್ಟರ್ ಮುಗಿದ ರಾತ್ರಿಯೇ ಎಲ್ಲ ವಾಪಸ್ ಬಂತು, ಮೊದಲಿಗಿಂತ ಜಾಸ್ತಿಯಾಗಿ.

ನಾನು ಕೇಳಿದೆ: "ಆ ನಲವತ್ತು ದಿನದಲ್ಲಿ ಎಷ್ಟು ಮದುವೆ ಮುಗಿಸಿದೆ?"

ತುಂಬಾ ಹೊತ್ತು ಮಾತಿಲ್ಲ. "ಒಂದೂ ಇಲ್ಲ ಮೇಡಂ."

ನೋಡಿ, ತಪಸ್ಸುಕಾಲದಲ್ಲಿ ನಮ್ಮ ಕಥೊಲಿಕರಲ್ಲಿ ಸಾಮಾನ್ಯವಾಗಿ ಮದುವೆ ಇಟ್ಟುಕೊಳ್ಳುವುದಿಲ್ಲ. ಎಡಿಟ್ ಮಾಡುವವನಿಗೆ ಬಾಕಿ ತೀರಿಸಲು ವರ್ಷದಲ್ಲಿ ಸಿಗುವ ಒಳ್ಳೆಯ ಸಮಯ ಅದು. ಅದೇ ಹೊತ್ತಿಗೆ ಇವನು ಫೋನ್ ಆಫ್ ಮಾಡಿದ್ದ. ಆರು ಗಂಟೆ ಅಂದರೆ ಕೆಲಸ ಮುಗಿಸಿ ಬಂದ ಗಿರಾಕಿಗಳು "ನಮ್ಮ ವಿಡಿಯೊ ಎಲ್ಲಿಗೆ ಬಂತು" ಅಂತ ಫೋನ್ ಮಾಡುವ ಹೊತ್ತು. ಅಲ್ಲಿವರೆಗೆ ನಾನು ಕೂಡ ತಾಯಿ ಹೇಳಿದಂತೆ ಮೊಬೈಲನ್ನೇ ಹಿಡಿದುಕೊಂಡು ಯೋಚಿಸುತ್ತಿದ್ದೆ. ಅವನ ಉತ್ತರ ಕೇಳಿದ ಮೇಲೆ ನನ್ನ ದಾರಿ ಬದಲಾಯಿತು. ಮೊಬೈಲ್ ಇದ್ದರೂ ಕೆಲಸ ಆಗಿಲ್ಲ, ಇಲ್ಲದಿದ್ದರೂ ಆಗಿಲ್ಲ. ಹಾಗಾದರೆ ಅವನು ಓಡಿಹೋಗುತ್ತಿದ್ದದ್ದು ಎಂತದರಿಂದ?

ಊಟ, ತೂಕ, ಕುಡಿತ, ಸಾಯಬೇಕು ಅನ್ನುವ ಯೋಚನೆ, ಇವನ್ನೆಲ್ಲ ನೇರವಾಗಿಯೇ ಕೇಳಿದೆ. ಇಂಥ ಪ್ರಶ್ನೆ ಕೇಳಲು ನಾವು ನಾಚಬಾರದು. ಆ ಬಗೆಯ ಅಪಾಯ ಕಾಣಲಿಲ್ಲ, ನಿದ್ದೆ ಮಾತ್ರ ತೀರಾ ಕೆಟ್ಟಿತ್ತು. ಎರಡು ವಾರದಲ್ಲಿ ನಿದ್ದೆ ಸರಿಹೋಗದಿದ್ದರೆ ಮನೋವೈದ್ಯರ ಹತ್ತಿರ ಹೋಗೋಣ ಅಂತ ಮೊದಲೇ ಮಾತಾಡಿಕೊಂಡೆವು. ನಡುರಾತ್ರಿ ಭಯ ಆದರೆ ಇರಲಿ ಅಂತ ಟೆಲಿ ಮಾನಸ್ ಸಹಾಯವಾಣಿಯ 14416 ಬರೆದು ಕೊಟ್ಟೆ.

ಮೊದಲ ವಾರ ಏನನ್ನೂ ಬಿಡಬೇಡ ಅಂದೆ. ಸುಮ್ನೆ ಬರೆದಿಡು: ಎಷ್ಟು ಗಂಟೆಗೆ ಫೋನ್ ಹಿಡಿದೆ, ಅದಕ್ಕಿಂತ ಒಂದು ನಿಮಿಷ ಮೊದಲು ಏನು ಮಾಡುತ್ತಿದ್ದೆ. ತಾಯಿಗೆ ಇದು ಇಷ್ಟ ಆಗಲಿಲ್ಲ. ಆದರೆ ಅವನು ಪ್ರಾಮಾಣಿಕವಾಗಿ ಬರೆದು ತಂದ. ಇಪ್ಪತ್ತಕ್ಕೂ ಹೆಚ್ಚು ಸಲ ಫೋನ್ ಹಿಡಿದಿದ್ದ, ಬಹುತೇಕ ಒಂದೇ ಜಾಗದಲ್ಲಿ. ಕ್ಲಿಪ್ ಎಲ್ಲ ವಿಂಗಡಿಸಿ ಆಗಿರುತ್ತೆ. ಇನ್ನು ಮೊದಲ ಶಾಟ್ ಯಾವುದು ಅಂತ ತೀರ್ಮಾನಿಸಬೇಕು. ಆಗ ಕೈ ಫೋನಿಗೆ ಹೋಗುತ್ತೆ. ಚೆನ್ನಾಗಿ ಬರದಿದ್ದರೆ ಅನ್ನುವ ಭಯ. ಆ ಭಯದಿಂದ ಎದ್ದು ಪ್ರವಚನ ಹಾಕಿದರೆ ತಪ್ಪು ಮಾಡಿದ ಹಾಗೆಯೂ ಅನಿಸುವುದಿಲ್ಲ ಅಲ್ವಾ, ದೇವರ ಮಾತನ್ನೇ ಕೇಳುತ್ತಾ ಇದ್ದೇನೆ ಅನಿಸುತ್ತೆ.

ಬಾಕಿಯಲ್ಲಿ ಅತಿ ಹಳೆಯದು ಯಾರದು ಅಂತ ಕೇಳಿದೆ. ಡಿಸೆಂಬರ್ ಕೊನೆಯ ಒಂದು ಮದುವೆ. ಮದುಮಗಳ ಅಣ್ಣ ಕುವೈತಿನಲ್ಲಿ, ರಜೆ ಸಿಕ್ಕಿರಲಿಲ್ಲ, ತಂಗಿಯ ಮದುವೆ ನೋಡಿರಲಿಲ್ಲ. ನಾಲ್ಕು ತಿಂಗಳಿಂದ ಅವರೇ ಮೆಸೇಜ್ ಹಾಕುತ್ತಿದ್ದರು.

"ಅವರು ಏನು ನೋಡಲು ಕಾಯುತ್ತಿದ್ದಾರೆ, ನಿನಗೆ ಗೊತ್ತಾ?"

"ಗೊತ್ತು ಮೇಡಂ. ರೋಸ್, ಮದುವೆಗೆ ಮೊದಲು ಮನೆಯಲ್ಲಿ ಮಾಡುವ ಶಾಸ್ತ್ರ. ಅಮ್ಮ ಮಗಳ ಹಣೆಗೆ ಎಣ್ಣೆಯಲ್ಲಿ ಶಿಲುಬೆ ಗುರುತು ಹಾಕ್ತಾರೆ, ತೆಂಗಿನ ಹಾಲು ಹಚ್ಚುವಾಗ ಅಳ್ತಾರೆ. ಹಿಂದೆ ಒಬ್ಬರು ಅಜ್ಜಿ ವೊವಿಯೊ (ಕೊಂಕಣಿ ಮದುವೆ ಹಾಡು) ಹಾಡ್ತಾ ಇರ್ತಾರೆ. ತುಂಬಾ ಚೆಂದ ಬಂದಿದೆ."

ಹೇಳುವಾಗ ಅವನ ಮುಖವೇ ಬೇರೆ ಆಯಿತು. ನಾನು ಅಷ್ಟೇ ಹೇಳಿದೆ: "ತಾಯಿಯ ಆಶೀರ್ವಾದ, ಮನೆಯವರ ಪ್ರಾರ್ಥನೆ, ಅಜ್ಜಿಯ ಹಾಡು. ನೀನು ಮಾಡಬೇಕು ಅಂದುಕೊಂಡ ವಿಶ್ವಾಸದ ಫಿಲ್ಮ್ ನಾಲ್ಕು ತಿಂಗಳಿಂದ ನಿನ್ನ ಹಾರ್ಡ್ ಡಿಸ್ಕಿನಲ್ಲಿ ಉಂಟು ಮಾರಾಯ. ನೋಡುವವರು ಕುವೈತಿನಲ್ಲಿ ಕಾಯ್ತಾ ಇದ್ದಾರೆ."

ಅವನು ಅತ್ತ. ನಾನು ಸುಮ್ಮನೆ ಕೂತಿದ್ದೆ.

ಮುಂದಿನ ವಾರಕ್ಕೆ ಅವನಿಗೆ ಒಂದೇ ಮನೆಕೆಲಸ ಕೊಟ್ಟೆ: ಸಂತ ಅಲೋಶಿಯಸ್ ಚಾಪೆಲ್‌ಗೆ ಹೋಗಿ ಒಂದು ಗಂಟೆ ಕೂತು ಗೋಡೆ, ಮಾಡು (ಚಾವಣಿ) ನೋಡಿ ಬಾ. ಹತ್ತಿರವೇ ಓದಿದವನು, ಒಂದು ಸಲವೂ ಸರಿಯಾಗಿ ನೋಡಿರಲಿಲ್ಲ. ಇಟಲಿಯಿಂದ ಬಂದ ಜೆಸುಯಿಟ್ ಸಂನ್ಯಾಸಿ ಸಭೆಯ ಬ್ರದರ್ ಅಂತೋನಿಯೊ ಮೊಸ್ಕೇನಿ 1899ರಿಂದ 1901ರವರೆಗೆ ಅಲ್ಲಿ ಚಿತ್ರ ಬರೆದರು. ಓದು ಬಾರದವರಿಗೆ ಆ ಚಿತ್ರಗಳೇ ಪ್ರವಚನ, ಇವತ್ತಿನ ಮಾತಿನಲ್ಲಿ ಹೇಳುವುದಾದರೆ ಸಿನಿಮಾ. ಅದರಲ್ಲಿ ಕ್ಯಾನ್ವಾಸಿನ ಮೇಲೆ ಬರೆದದ್ದೂ ಉಂಟು, ಗೋಡೆಯ ಹಸಿ ಗಾರೆಯ ಮೇಲೆ ಬರೆದದ್ದೂ ಉಂಟು. ಹಸಿ ಗಾರೆಯ ಕೆಲಸದಲ್ಲಿ ಒಂದು ಕಟ್ಟುನಿಟ್ಟು ಇದೆ. ಇವತ್ತು ಎಷ್ಟು ಬರೆಯಲು ಆಗುತ್ತೋ ಅಷ್ಟೇ ಜಾಗಕ್ಕೆ ಗಾರೆ ಹಚ್ಚಬೇಕು, ಒಣಗುವ ಮೊದಲು ಬಣ್ಣ ಹಾಕಿ ಮುಗಿಸಬೇಕು. ನಾಳೆಯ ಜಾಗ ನಾಳೆಗೆ. ಇಡೀ ಮಾಡನ್ನು ಒಮ್ಮೆಗೇ ಹೊತ್ತುಕೊಂಡರೆ ಯಾರ ಕೈಯಿಂದಲೂ ಅದು ಮುಗಿಯುವುದಿಲ್ಲ.

ಈ ಮಾತು ಅವನಿಗೆ ಹಿಡಿಸಿತು. ಮಾನಿಟರ್ ಮೇಲೆ "ಇವತ್ತಿನ ಗಾರೆ" ಅಂತ ಚೀಟಿ ಅಂಟಿಸಿದ. ದಿನಕ್ಕೆ ಒಂದು ತುಂಡು ಮಾತ್ರ. ಇವತ್ತು ರೋಸ್‌ನ ಮೊದಲ ಐದು ನಿಮಿಷ, ನಾಳೆ ಚರ್ಚಿನ ಬಾಗಿಲಿಂದ ಬಲಿಪೀಠದವರೆಗೆ. ಬೆಳಿಗ್ಗೆ ಎಂಟರಿಂದ ಹನ್ನೊಂದು, ಫೋನ್ ಕೆಳಗೆ ತಾಯಿಯ ಹತ್ತಿರ. ಹನ್ನೊಂದಕ್ಕೆ ಫೋನ್ ತೆಗೆದುಕೊಂಡು ಮೊದಲು ಮಾಡಬೇಕಾದದ್ದು ಗಿರಾಕಿಗಳಿಗೆ ಉತ್ತರ. ಕುವೈತಿನವರಿಗೆ ಏನು ಬರೆಯಬೇಕು ಅಂತ ನನ್ನ ಎದುರೇ ಕೂತು ಬರೆದ. ನೆಪ ಹೇಳಬೇಡ ಅಂದಿದ್ದೆ. "ತಪ್ಪು ನನ್ನದು, ತಿಂಗಳ ಕೊನೆಗೆ ರೋಸ್ ಕಳಿಸುತ್ತೇನೆ, ಉಳಿದದ್ದು ಜೂನ್‌ನಲ್ಲಿ" ಅಂತ ಬರೆದ. ಕಳಿಸುವಾಗ ಕೈ ನಡುಗುತ್ತಿತ್ತು. ಐದು ನಿಮಿಷದಲ್ಲಿ ಅಲ್ಲಿಂದ ಬಂದ ಉತ್ತರ: "ಸರಿ ಬಾಬಾ. ಅಜ್ಜಿಯ ಹಾಡು ಕಟ್ ಮಾಡಬೇಡ."

ತಂದೆಯ ಬಗ್ಗೆ ನಾನು ಹೆಚ್ಚು ಯೋಚಿಸಿರಲಿಲ್ಲ. ಹಂಚಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಮೊದಲ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಈ ಊರಿನ ಎಷ್ಟೋ ಮನೆಗಳಿಗೆ ಅನ್ನ ಕೊಟ್ಟ ಉದ್ಯೋಗ ಅದು. ಮಗನ ಕೆಲಸ ಅವರಿಗೆ ಅರ್ಥವೇ ಆಗುತ್ತಿರಲಿಲ್ಲ, ಮಾತೂ ಕಡಿಮೆ. ಒಂದು ದಿನ ಚೀಟಿ ನೋಡಿ ಕೇಳಿದರಂತೆ, ಇದು ಎಂತ ಗಾರೆ ಅಂತ. ಇವನು ಹೇಳಿದ. ಅವರು ಅಂದದ್ದು: "ಹಂಚು ಕೂಡ ಹಾಗೇ. ಹಸಿ ಇರುವಾಗ ತಿದ್ದಬೇಕು, ಗೂಡಿಗೆ ಹೋದ ಮೇಲೆ ಆಗುದಿಲ್ಲ." ಆಮೇಲೆ ಅರ್ಧ ಗಂಟೆ ಪಕ್ಕದಲ್ಲಿ ಕುರ್ಚಿ ಹಾಕಿ ಮಗ ಎಡಿಟ್ ಮಾಡುವುದನ್ನು ನೋಡಿದರಂತೆ. ನಾನು ಕೊಟ್ಟ ಸಲಹೆಗಿಂತ ಇದೇ ಹೆಚ್ಚು ಕೆಲಸ ಮಾಡಿದೆ ಅಂತ ನನ್ನ ನಂಬಿಕೆ.

ತಾಯಿಯ ಜೊತೆ ಬೇರೆಯಾಗಿ ಕೂತೆ. ಸಿನಿಮಾ ಅಂದರೆ ಪಾಪ ಅನ್ನುವುದು ಅವರ ಮನಸ್ಸಿನಲ್ಲಿ ಬೇರೂರಿತ್ತು. ಸಿನಿಮಾಗೆ ನೂರು ವರ್ಷ ಆದ 1995ರಲ್ಲಿ ವ್ಯಾಟಿಕನ್ನೇ 45 ಒಳ್ಳೆಯ ಸಿನಿಮಾಗಳ ಪಟ್ಟಿ ಮಾಡಿತ್ತು, ಅದರಲ್ಲಿ ಧಾರ್ಮಿಕ ಕಥೆಗಳು ಮಾತ್ರ ಅಲ್ಲ, ಸೈಕಲ್ ಕಳೆದುಕೊಂಡ ಬಡ ಕೂಲಿಯವನ ಕಥೆಯೂ ಇದೆ, ಗಾಂಧೀಜಿ ಬಗ್ಗೆ 1982ರಲ್ಲಿ ಬಂದ ಸಿನಿಮಾವೂ ಇದೆ ಅಂದೆ. "ಅದನ್ನು ನಮಗೆ ಶಾಲೆಯಿಂದಲೇ ಕರ್ಕೊಂಡು ಹೋಗಿ ತೋರಿಸಿದ್ರಲ್ಲ" ಅಂದರು. ಅಲ್ಲಿಂದ ಮಾತು ಸುಲಭ ಆಯಿತು. ರಾತ್ರಿ ಬಾಗಿಲಲ್ಲಿ ನಿಂತು ಕಾವಲು ಕಾಯುವ ಬದಲು ಶನಿವಾರ ಊಟ ಆದ ಮೇಲೆ ಮೂವರೂ ಕೂತು ಒಂದು ಸಿನಿಮಾ ಪೂರ್ತಿ ನೋಡಿ, ಮುಗಿದ ಮೇಲೆ ಮಾತಾಡಿ ಅಂದೆ. ಶುರುವಿನಿಂದ ಕೊನೆವರೆಗೆ ಕೂತು ನೋಡುವುದೇ ರೋಶನ್‌ಗೆ ಮರೆತುಹೋಗಿತ್ತು.

ಜುಲೈ ಮಳೆಯಲ್ಲಿ ಅವನು ಮತ್ತೆ ಜಾರಿದ. ಒಂದು ಮದುವೆಯ ಧ್ವನಿ ಸರಿಯಾಗಿ ರೆಕಾರ್ಡ್ ಆಗಿರಲಿಲ್ಲ, ಸರಿಮಾಡಲು ಆಗದೆ ಹತ್ತು ದಿನ ಕಂಪ್ಯೂಟರ್ ಮುಟ್ಟಲಿಲ್ಲ. ರಾತ್ರಿ ಮತ್ತೆ ಮೂರು ಗಂಟೆ. ನನ್ನ ಹತ್ತಿರ ಬರಲೂ ನಾಚಿಕೆ. ಕೊನೆಗೆ ಬಂದವನು ಹೊಸ ನಿರ್ಧಾರ ತಂದಿದ್ದ. ಇಟಲಿಯ ಹುಡುಗ ಕಾರ್ಲೊ ಅಕುಟಿಸ್, 2006ರಲ್ಲಿ 15ನೇ ವಯಸ್ಸಿಗೇ ತೀರಿಕೊಂಡವನು, ವಿಡಿಯೊ ಗೇಮ್‌ಗೆ ವಾರಕ್ಕೆ ಒಂದೇ ಗಂಟೆ ಅಂತ ಇಟ್ಟುಕೊಂಡಿದ್ದನಂತೆ, ನಾನೂ ಹಾಗೇ ಇರುತ್ತೇನೆ ಅಂದ. ನಾನು ಬೇಡ ಅಂದೆ. ದಿನವಿಡೀ ಪರದೆ ನೋಡುವುದೇ ನಿನ್ನ ಉದ್ಯೋಗ, ಗಂಟೆ ಲೆಕ್ಕ ಹಿಡಿದರೆ ಮತ್ತೆ ಅದೇ ತಪಸ್ಸುಕಾಲದ ಕಥೆ ಆಗುತ್ತೆ. ಆ ಹುಡುಗ ಕಂಪ್ಯೂಟರಿನಲ್ಲಿ ಕೂತು ಪರಮಪ್ರಸಾದದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿಯ) ಪವಾಡಗಳನ್ನೆಲ್ಲ ಹುಡುಕಿ ಒಂದು ಕಡೆ ಸೇರಿಸಿಟ್ಟ, ಹಿಡಿದ ಕೆಲಸ ಮುಗಿಸಿದ. ನೀನು ಅವನಿಂದ ಅದನ್ನು ತೆಗೆದುಕೋ. ಸಂತ ಪೌಲ ಕೂಡ ಕೊರಿಂಥದಲ್ಲಿ ಡೇರೆ ಹೊಲಿದುಕೊಂಡೇ ಸುವಾರ್ತೆ ಸಾರಿದವನು. ಧ್ವನಿ ಕೆಟ್ಟಿದ್ದರೆ ಆ ಮನೆಯವರಿಗೆ ಇವತ್ತೇ ಹೇಳು, ಗೊತ್ತಿರುವ ಇನ್ನೊಬ್ಬ ಎಡಿಟರ್‌ನ ಸಹಾಯ ಕೇಳು. ಎರಡನ್ನೂ ಮಾಡಿದ.

ಸೆಪ್ಟೆಂಬರ್ 7ರಂದು ಕಾರ್ಲೊನನ್ನು ಸಂತ ಅಂತ ಘೋಷಿಸಿದರು. ಮನೆಯವರೆಲ್ಲ ಟಿವಿ ಮುಂದೆ ಕೂತು ನೋಡಿದರಂತೆ. ಮರುದಿನ ಮೊಂತಿ ಫೆಸ್ತ್, ಮಾತೆ ಮರಿಯಳ ಹುಟ್ಟುಹಬ್ಬ, ನಮ್ಮ ತೆನೆ ಹಬ್ಬ. ಹೊಸ ತೆನೆ ಹಿಡಿದುಕೊಂಡು ಚರ್ಚಿನಿಂದ ಹೊರಗೆ ಬರುವಾಗ ಸಿಕ್ಕಿದ, ಏಳನೆಯ ಮದುವೆಯನ್ನು ನಿನ್ನೆ ರಾತ್ರಿ ರೆಂಡರ್‌ಗೆ (ವಿಡಿಯೊ ಸಿದ್ಧವಾಗುವ ಕೊನೆಯ ಹಂತಕ್ಕೆ) ಹಾಕಿದೆ ಅಂದ. ಹತ್ತೂವರೆಗೆ ಮಲಗಿದೆ ಅಂತಲೂ ಹೇಳಿದ.

ಅಕ್ಟೋಬರಿನಲ್ಲಿ ಕೊನೆಯ ಸಲ ಬಂದಾಗ ಎರಡು ಪುಟದ ಕಥೆ ತಂದಿದ್ದ. ಊರಿನ ಎಲ್ಲ ಮದುವೆಗಳಲ್ಲಿ ವೊವಿಯೊ ಹಾಡುವ ಅಜ್ಜಿ ಒಬ್ಬಳ ಕಥೆ. ಶೂಟಿಂಗ್ ಯಾವಾಗ ಅಂತ ಕೇಳಿದೆ. ಮದುವೆ ಸೀಸನ್‌ನ ಬಾಕಿ ತೀರಿದ ಮೇಲೆ, ತಪಸ್ಸುಕಾಲದಲ್ಲಿ ಅಂದ. ಮುಂದಿನ ಭೇಟಿ ನಾವು ಇಟ್ಟುಕೊಂಡಿಲ್ಲ, ಬೇಕಾದರೆ ಫೋನ್ ಮಾಡು ಅಂದಿದ್ದೇನೆ.