ಬೋರ್ಡೋ ದ್ರಾವಣದ ಕರಗದ ತಾಮ್ರ ಕೊಳೆರೋಗವನ್ನು ತಡೆಯುವುದು ಹೇಗೆ?

ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಬೆರೆಸಿದ ಈ ದ್ರಾವಣವನ್ನು ಸಿಂಪಡಿಸಿದಾಗ ಅಡಿಕೆ ಗೊನೆಗೆ ಅಂಟಿದ ಆ ತಾಮ್ರವನ್ನು ಮಳೆನೀರಿನ ಪಸೆಯಲ್ಲಿ ಸ್ವಲ್ಪಸ್ವಲ್ಪವಾಗಿ ಕರಗಿಸುವುದರಲ್ಲಿ, ಶಿಲೀಂಧ್ರದಂಥ ರೋಗಕಾರಕ ಜೀವಿ ಫೈಟಾಫ್ತೊರಾದ ಬೀಜಾಣುಗಳೂ ಗಿಡವೂ ಹೊರಸೂಸುವ ಅಮೈನೊ ಆಮ್ಲಗಳ ಪಾಲು ದೊಡ್ಡದು. ಅಮೈನೊ ಆಮ್ಲದ ಅಣುವು ತನ್ನ ನೈಟ್ರೋಜನ್ ಮತ್ತು ಆಕ್ಸಿಜನ್ ಪರಮಾಣುಗಳಿಂದ ತಾಮ್ರದ ಅಯಾನನ್ನು (ವಿದ್ಯುದಂಶ ಹೊತ್ತ ಪರಮಾಣುವನ್ನು) ಇಕ್ಕಳದಂತೆ ಹಿಡಿದು ಐದು ಪರಮಾಣುಗಳ ಉಂಗುರವನ್ನು ರಚಿಸುತ್ತದೆ. ಇಂಥ ಎರಡು ಅಣುಗಳು ಎದುರುಬದುರಾಗಿ ಹಿಡಿದಾಗ ತಾಮ್ರವು ಬಹುಮಟ್ಟಿಗೆ ಸಮತಲವಾದ ಚೌಕದ ನಡುವೆ ಕೂರುತ್ತದೆ. ಹೀಗೆ ಕರಗಿ ಬೀಜಾಣುವಿನೊಳಗೆ ಸೇರಿದ ತಾಮ್ರವು ಕಿಣ್ವಗಳಲ್ಲಿರುವ ಗಂಧಕಕ್ಕೆ ಇನ್ನೂ ಬಿಗಿಯಾಗಿ ಅಂಟಿಕೊಂಡು ಅವುಗಳ ಕೆಲಸವನ್ನೇ ನಿಲ್ಲಿಸುತ್ತದೆ. ತೀರ್ಥಹಳ್ಳಿ, ಸಾಗರದ ತೋಟಗಳಲ್ಲಿ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತದ ಜೊತೆ ಅಷ್ಟೇ ಸುಣ್ಣ ಬೆರೆಸುವುದು ಸುಮ್ಮನೆ ಅಲ್ಲ: ಸುಣ್ಣ ಕಡಿಮೆಯಾದರೆ ಕರಗಿದ ತಾಮ್ರ ಹೆಚ್ಚಾಗಿ ಎಳೆಗಾಯಿಯನ್ನೂ ಸುಡುತ್ತದೆ.